ಐದಾದ ಮೇಲೆ ಮೂರು

ಷರಾ ಸಾಹೇಬರಿಗೆ ಆ ಹೆಸರು ಇಟ್ಟವರು ಯಾರು ಎಂಬುದಕ್ಕೆ ದಾಖಲೆ ಇಲ್ಲ. ಇದ್ದಿದ್ದರೆ ಅದು ಅವರ ಕೈಯಲ್ಲೇ ಇರುತ್ತಿತ್ತು. ದೊಡ್ಡ ಕಚೇರಿಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೂತು, ಬಂದ ಕಡತಕ್ಕೆಲ್ಲ ಕ್ರಮಸಂಖ್ಯೆ ಹಾಕಿ, ಕೊನೆಯ ‘ಷರಾ’ ಕಲಮಿನಲ್ಲಿ ಎರಡು ಮಾತು ಗೀಚಿ, ದಾರ ಸುತ್ತಿ ಕಪಾಟಿಗೆ ಸೇರಿಸುವುದು ಅವರ ಉದ್ಯೋಗ. ಈ ಉದ್ಯೋಗದಿಂದ ಅವರಿಗೆ ಎರಡು ತತ್ವಗಳು ಸಿದ್ಧಿಸಿದ್ದವು. ಮೊದಲನೆಯದು, ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು. ಎರಡನೆಯದು, ಮುಗಿದ ಕಡತವನ್ನು ಮತ್ತೆ ಬಿಚ್ಚಬಾರದು.

ಮನೆಯಲ್ಲೂ ಇದೇ ಆಡಳಿತ. ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರು. ಹೆಂಡತಿ “ಉಪ್ಪು ಎಲ್ರೀ?” ಎಂದರೆ “ಏಳು” ಎಂದು ಉತ್ತರ ಬರುತ್ತಿತ್ತು. ನಿನ್ನೆಯ ಜಗಳವನ್ನು ಆಕೆ ಇವತ್ತು ಮುಂದುವರಿಸಹೊರಟರೆ “ಅದಕ್ಕೆ ಷರಾ ಆಗಿದೆ, ಬೇಕಾದ್ರೆ ಹೊಸದು ಶುರು ಮಾಡು” ಎನ್ನುತ್ತಿದ್ದರು. ಆಕೆಯೂ ಹಿಂದೆ ಬೀಳುತ್ತಿರಲಿಲ್ಲ. ಹೊಸದನ್ನೇ ಶುರು ಮಾಡುತ್ತಿದ್ದಳು.

ಕಾರು ಮಾವನವರದು. ಮಾವನವರು ನಿವೃತ್ತ ಬಾಯ್ಲರ್ ಇನ್ಸ್‌ಪೆಕ್ಟರು. ಅವರು ಕಾಲಿಟ್ಟ ಕಾರ್ಖಾನೆಯಲ್ಲಿ ಹಬೆ ಕೂಡ ಸದ್ದಿಲ್ಲದೆ ಹೊರಡುತ್ತಿತ್ತಂತೆ, ಹಾಗೆಂದು ಅವರೇ ಹೇಳುತ್ತಿದ್ದರು. ನಿವೃತ್ತಿಯ ದಿನ ಅವರು ಹಾರದ ಜೊತೆಗೆ ಮನೆಗೆ ತಂದದ್ದು ಬೆಂಕಿಗೂ ಜಗ್ಗದ, ಬಾಯ್ಲರಿಗೆ ಬಳಿಯುವ ಹಳದಿ ಬಣ್ಣದ ಒಂದು ಡಬ್ಬ. ಅಂದಿನಿಂದ ಅವರ ಟ್ರಂಕು, ಊರುಗೋಲು, ಕನ್ನಡಕದ ಡಬ್ಬಿ ಎಲ್ಲದರ ಮೇಲೂ ಹಳದಿ ಅಂಕಿ. ಕೊಡೆಯ ಹಿಡಿಯ ಮೇಲೆ ಒಂದು 3 ಇತ್ತು. ಒಂದನೆಯ, ಎರಡನೆಯ ಕೊಡೆಗಳು ಕಳೆದುಹೋಗಿದ್ದರೂ ಮೂರು ಮೂರಾಗಿಯೇ ಉಳಿದಿತ್ತು. ಅಳಿಯನೆಂದರೆ ಹೀಗಿರಬೇಕು ಎಂದು ಮಾವನಿಗೂ, ಮಾವನೆಂದರೆ ಹೀಗಿರಬೇಕು ಎಂದು ಅಳಿಯನಿಗೂ ಅನ್ನಿಸಿದ್ದು ಸಹಜ.

ಕಣ್ಣಿನ ಡಾಕ್ಟರು ಇನ್ನು ಕಾರು ಓಡಿಸಕೂಡದು ಎಂದಾಗ ಮಾವನವರು ಇಬ್ಬರು ಅಳಿಯಂದಿರನ್ನೂ ಎದುರಿಗೆ ಕೂರಿಸಿಕೊಂಡು ಕೀಲಿಯನ್ನು ಚಿಕ್ಕ ಅಳಿಯನ ಕೈಗೆ ಕೊಟ್ಟರು.

“ಇವ್ರು ಕ್ರಮದ ಮನುಷ್ಯರು. ನನ್ನ ಕೈಯಲ್ಲಿ ಈ ಗಾಡಿ ಒಂದು ದಿನ ಕೆಮ್ಮಲಿಲ್ಲ. ನಿಮ್ಮ ಕೈಯಲ್ಲೂ ಕೆಮ್ಮಬಾರದು ಅಳಿಯಂದ್ರೇ. ಎಂಜಿನ್‌ನಲ್ಲಿ ಅಪಸ್ವರ ಅಂತ ನನ್ನ ಕಿವಿಗೆ ಬಿದ್ದ ದಿನ ಗಾಡಿ ದೊಡ್ಡ ಅಳಿಯಂದಿರ ಮನೆಗೆ ಹೋಗುತ್ತೆ.”

ದೊಡ್ಡ ಅಳಿಯ, ಅಂದರೆ ಸಾಹೇಬರ ಷಡ್ಡಕ, ಆ ಮಾತನ್ನು ಬಹಳ ಗಂಭೀರವಾಗಿ ತೆಗೆದುಕೊಂಡ. ಮುಂದಿನ ತಿಂಗಳೇ ಮನೆಯ ಪಕ್ಕದಲ್ಲಿ ಒಂದು ಶೆಡ್ಡು ಎಬ್ಬಿಸಿ, ಬಾಗಿಲಿಟ್ಟು, ಒಳಗೆ ಏನೂ ಇಲ್ಲದ ಆ ಶೆಡ್ಡಿಗೆ ದಿನಾ ಬೀಗ ಹಾಕತೊಡಗಿದ.

ಇತ್ತ ಷರಾ ಸಾಹೇಬರ ಸಂಸಾರ ಆ ಕಾರಿನ ನಾಲ್ಕು ಚಕ್ರದ ಮೇಲೆ ಕೂತುಬಿಟ್ಟಿತ್ತು. ಮಗಳ ಶಾಲೆ ಊರಿನ ಆ ತುದಿ. ಬುಧವಾರ ಬುಧವಾರ ಸಾಹೇಬರ ಅಮ್ಮನನ್ನು ಮಂಡಿಯ ವ್ಯಾಯಾಮಕ್ಕೆ ಕರೆದೊಯ್ಯುವ ಆಸ್ಪತ್ರೆ ಈ ತುದಿ. ನಡುವೆ ಮೂರು ಬಸ್ಸು, ಮೂರಕ್ಕೂ ಎತ್ತರದ ಮೆಟ್ಟಿಲು. ಕಾರು ಹೋದರೆ ಅಮ್ಮನ ಮಂಡಿ ಮನೆಯಲ್ಲೇ ಕೂರಬೇಕಾಗುತ್ತಿತ್ತು, ಅಮ್ಮನ ಸಮೇತ.

ಇಂಥ ಕಾರು ಒಂದು ಸೋಮವಾರ ಬೆಳಿಗ್ಗೆ ಟಿಕ್ ಟಿಕ್ ಟಿಕ್ ಎಂದಿತು.

ಹತ್ತು ನಿಮಿಷ ಓಡಿದ ಮೇಲೆ ಸದ್ದು ತಾನಾಗಿ ನಿಂತಿತು. ಮರುದಿನ ಬೆಳಿಗ್ಗೆ ಮತ್ತೆ ಹಾಜರು. ಪಕ್ಕದ ಮನೆಯ ಸಂಗೀತದ ಮೇಷ್ಟ್ರು ಕಾಂಪೌಂಡಿನ ಮೇಲೆ ಗಲ್ಲ ಊರಿ, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕಿದರು.

“ಸಾಹೇಬ್ರೇ, ಲಯ ಚೆನ್ನಾಗಿದೆ. ಆದ್ರೆ ನೀವು ಆ ಪೆಡಲ್ ತುಳಿದ್ರೆ ಓಡಿಬಿಡುತ್ತೆ. ವಿದ್ವಾಂಸರು ಹಾಗೆ ಓಡಬಾರದು.”

ಇದೇ ಹೊತ್ತಿಗೆ ಸಾಹೇಬರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮಾವನವರು.

“ಏನದು ಸದ್ದು, ಟಿಕ್ ಟಿಕ್ ಅಂತ?”

ಇಪ್ಪತ್ತೆರಡು ವರ್ಷ ಒಂದೇ ಒಂದು ಸುಳ್ಳು ನಮೂದು ಮಾಡದ ಮನುಷ್ಯ, ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದರು: “ಗಡಿಯಾರ ಮಾವ. ಹೊಸಾದು.”

“ಗಡಿಯಾರಾನಾ? ಬಹಳ ಅವಸರದಲ್ಲಿದೆಯಲ್ಲ?”

“ಹೊಸಾದಲ್ವಾ ಮಾವ, ಹುರುಪು ಜಾಸ್ತಿ.”

“ಸರಿ. ಭಾನುವಾರ ಹತ್ತು ಗಂಟೆಗೆ ಬರ್ತೀನಿ. ಗಡಿಯಾರಾನೂ ನೋಡೋಣ, ಗಾಡೀನೂ ನೋಡೋಣ. ದೊಡ್ಡ ಅಳಿಯಂದಿರೂ ಜೊತೇಲಿ ಬರ್ತಾರೆ.”

ಸಾಹೇಬರು ನೇರ ಗ್ಯಾರೇಜಿಗೆ ಹೋದರು. ಗ್ಯಾರೇಜು ನಡೆಸುವವಳು ಐವತ್ತು ದಾಟಿದ ಹೆಂಗಸು. ಊರಿಗೆಲ್ಲ ಅವಳು ಅಕ್ಕ. ಮಾತು ಕಡಿಮೆ, ಕಿವಿ ಚುರುಕು. ಕಾರು ಒಂದು ರಾತ್ರಿ ಅಲ್ಲೇ ತಣ್ಣಗೆ ಮಲಗಿತು. ಬೆಳಿಗ್ಗೆ ಎಂಜಿನ್ ಎಬ್ಬಿಸಿ, ರಬ್ಬರ್ ಟ್ಯೂಬಿನ ಒಂದು ತುದಿ ಕಿವಿಗೆ ಇಟ್ಟುಕೊಂಡು ಇನ್ನೊಂದು ತುದಿಯನ್ನು ಡಾಕ್ಟರ ಹಾಗೆ ಅಲ್ಲಿ ಇಲ್ಲಿ ಆಡಿಸಿ, ಒಂದು ಕಡೆ ನಿಲ್ಲಿಸಿದಳು. ಅಲ್ಲಿ ಕಬ್ಬಿಣದ ಮೇಲೆ ಕಾಡಿಗೆ ಎಳೆದಂತೆ ಮಸಿ.

“ಎಂಜಿನ್‌ನಿಂದ ಹೊಗೆ ಈಚೆ ಬರೋ ನಾಲ್ಕು ಬಾಯಿಗೆ ಈ ಕವಲು ಪೈಪು ಕೂತಿದೆ ನೋಡಿ ಸಾರ್. ಎರಡರ ಮಧ್ಯೆ ಗ್ಯಾಸ್ಕೆಟ್ಟು. ಅದು ಸೋರ್ತಿದೆ. ಬಿಸಿ ಆದ್ರೆ ಕಬ್ಬಿಣ ಉಬ್ಬಿ ಸಂದು ಮುಚ್ಕೊಳ್ಳುತ್ತೆ, ಸದ್ದು ನಿಲ್ಲುತ್ತೆ. ಹೀಗೇ ಬಿಟ್ರೆ ಪೈಪೂ ಹೋಗುತ್ತೆ, ಹೊಗೆ ನಿಮ್ಮ ಮೂಗಿಗೂ ಬರುತ್ತೆ.”

“ಭಾನುವಾರದೊಳಗೆ ಆಗ್ಬೇಕು ಅಕ್ಕ.”

“ಆಗಲ್ಲ. ಶಾಲೆ ವ್ಯಾನು ಮೂರು ಬಿಚ್ಚಿ ಹಾಕಿದೀನಿ.”

“ಹಾಗಾದ್ರೆ ನಾನೇ ಮಾಡ್ತೀನಿ.”

ಅಕ್ಕ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಆದರೂ ಹೊಸ ಗ್ಯಾಸ್ಕೆಟ್ಟು ಕೊಟ್ಟು, ಹೇಳಿಕೊಟ್ಟಳು. ಸಾಹೇಬರು ಟಿಪ್ಪಣಿ ಪುಸ್ತಕ ತೆಗೆದರು.

“ಹಳೇ ಗ್ಯಾಸ್ಕೆಟ್ಟಿನ ಚೂರು ಒಂದೂ ಉಳೀಬಾರದು. ನಿಧಾನಕ್ಕೆ ಹೆರೀರಿ, ಗೀಚಬೇಡಿ. ಉಕ್ಕಿನ ಸ್ಕೇಲು ಅಡ್ಡ ಇಟ್ಟು ನೋಡಿ, ಪೈಪಿನ ಮುಖ ಸಪಾಟಾಗಿದೆಯಾ ಅಂತ. ಹೊಸಾದನ್ನ ಒಣಗಿದ ಹಾಗೇ ಕೂರಿಸಿ, ಅಂಟು ಗಿಂಟು ಬಳೀಬೇಡಿ. ಎಂಟು ನಟ್ಟು ಇದೆ. ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ ಹೋಗ್ಬೇಕು. ಒಂದೇ ಸಲಕ್ಕೆ ಬಿಗೀಬಾರದು, ಮೂರು ಸುತ್ತು. ಈ ಟಾರ್ಕ್ ವ್ರೆಂಚ್ ತಗೊಂಡ್ಹೋಗಿ, ಬಿಗಿ ಅಳೆಯೋ ಸ್ಪ್ಯಾನರ್ರು ಇದು, ಕ್ಲಿಕ್ ಅಂತು ಅಂದ್ರೆ ಕೈ ತೆಗೀರಿ. ಆಮೇಲೆ ಓಡಿಸಿ, ಪೂರಾ ಆರಿಸಿ, ಇನ್ನೊಂದ್ಸಲ ಬಿಗಿ ಮಾಡಿ. ಅದನ್ನ ಮರೆತ್ರೆ ಎಲ್ಲಾ ನೀರಲ್ಲಿ ಹೋಮ.”

ಸಾಹೇಬರು ಎಲ್ಲವನ್ನೂ ಬರೆದುಕೊಂಡರು. ‘ನಡುವಿನಿಂದ’ ಎಂಬಲ್ಲಿಗೆ ಬಂದಾಗ ಅವರ ಪೆನ್ನು ನಿಂತಿತು. ನಡುವಿನಿಂದ ಶುರುವಾಗುವ ವಸ್ತು ಈ ಪ್ರಪಂಚದಲ್ಲಿ ಯಾವುದಿದೆ? ಪಾಪ, ಓದು ಬರಹ ಕಡಿಮೆ ಇರಬೇಕು ಎಂದುಕೊಂಡು ಅಡಿಗೆರೆ ಎಳೆದು, ಪಕ್ಕದಲ್ಲಿ ‘ಪರಿಶೀಲಿಸುವುದು’ ಎಂದು ಷರಾ ಹಾಕಿದರು.

ಗ್ಯಾಸ್ಕೆಟ್ಟು ಮನೆಗೆ ಬಂದಾಗ ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಫ್ರೀಜರ್‌ನಲ್ಲಿ ಇಡೋ. ಕುಕ್ಕರಿನದು ಸಡಿಲ ಆದ್ರೆ ನಾವು ಹಾಗೇ ಮಾಡೋದು. ಬಿರುಸಾಗಿ ಕೂರುತ್ತೆ.”

“ಅದು ರಬ್ಬರ್ ಅಮ್ಮ, ಇದು ತಗಡು.”

“ಗ್ಯಾಸ್ಕೆಟ್ಟು ಅಂದ್ಮೇಲೆ ಗ್ಯಾಸ್ಕೆಟ್ಟೇ ಕಣೋ. ನನಗೆ ಹೇಳ್ಕೊಡ್ತೀಯ?”

ಮಂಡಿಯ ವಿಷಯದಲ್ಲಿ ಅಮ್ಮ ಈ ಕೆಲಸದ ಮುಖ್ಯ ಫಲಾನುಭವಿ. ಆದ್ದರಿಂದ ಗ್ಯಾಸ್ಕೆಟ್ಟು ಬಟಾಣಿಯ ಪಕ್ಕದಲ್ಲಿ ಒಂದು ದಿನ ಮಲಗಿತು. ಅದರಿಂದ ಲಾಭವಾಗಲಿ ನಷ್ಟವಾಗಲಿ ಆಗಲಿಲ್ಲ. ಆದರೆ ಅಮ್ಮನ ಪಾಲು ಅದರಲ್ಲಿ ದಾಖಲಾಯಿತು.

ಶನಿವಾರ ಸಾಹೇಬರು ರಜೆ ಹಾಕಿ ಬಾನೆಟ್ಟಿನೊಳಗೆ ಇಳಿದರು. ಬೀದಿಯ ಅರ್ಧ ಜನ ಸುತ್ತ ನೆರೆದರು. ಹೆರೆದದ್ದೂ ಚೆನ್ನಾಗಿಯೇ ಆಯಿತು, ಸ್ಕೇಲಿಟ್ಟು ನೋಡಿದ್ದೂ ಆಯಿತು. ಚಿಂದಿಯಿಂದ ಮಸಿ ಒರೆಸುತ್ತಿದ್ದಾಗ ಎಂಜಿನ್ ಮೈಮೇಲೆ, ಪ್ರತಿ ನಟ್ಟು ಕೂರುವ ಜಾಗದ ನೆತ್ತಿಯಲ್ಲಿ, ಹಳದಿ ಬಣ್ಣದ ಅಂಕಿಗಳು ಮೂಡಿ ಬಂದವು. ಎಡದಿಂದ ಬಲಕ್ಕೆ: 1, 2, 3, 4, 5, 6, 7, 8.

ಸಾಹೇಬರ ಕಣ್ಣು ತುಂಬಿ ಬಂತು. “ನೋಡಿದ್ರಾ ಮೇಷ್ಟ್ರೇ? ಕಂಪನಿಯವರೇ ನಂಬರ್ ಹಾಕಿದಾರೆ. ನಡುವಿನಿಂದ ಅಂತೆ! ಕ್ರಮ ಅನ್ನೋದು ಒಂದು ಇಲ್ವಾ?”

“ಸ ಆದ್ಮೇಲೆ ರಿ ಅಲ್ವಾ ಸಾಹೇಬ್ರೇ” ಎಂದು ಮೇಷ್ಟ್ರು ಬೆಂಬಲ ಸೂಚಿಸಿದರು.

ಹಳದಿ ಬಣ್ಣವನ್ನು ಇನ್ನೆಲ್ಲಾದರೂ ಕಂಡ ನೆನಪು ಓದುಗರಿಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಸಾಹೇಬರಿಗೆ ಬರಲಿಲ್ಲ. ಎಂಟು ಅಂಕಿಗಳು ಸಾಲಾಗಿ ನಿಂತದ್ದನ್ನು ಕಂಡರೆ ಅವರಿಗೆ ಬೇರೆ ಯಾವುದೂ ನೆನಪಿರುತ್ತಿರಲಿಲ್ಲ. ಒಂದನೆಯ ನಟ್ಟನ್ನು ಕ್ಲಿಕ್ ಎನ್ನುವವರೆಗೆ ಒಂದೇ ಸಲಕ್ಕೆ ಬಿಗಿದು, ಪುಸ್ತಕದಲ್ಲಿ ಗುರುತು ಹಾಕಿ, ಎರಡಕ್ಕೆ ಹೋದರು. ಎಂಟರ ಹತ್ತಿರ ಬಂದಾಗ ಪೈಪು ಸ್ವಲ್ಪ ಮೊಂಡು ಮಾಡಿತು. ಗದರಿಸಿ ಕೂರಿಸಿದರು. ಎಂಜಿನ್ ಎಬ್ಬಿಸಿದರೆ ಸದ್ದೇ ಇಲ್ಲ! ಬೀದಿಯವರು ಚಪ್ಪಾಳೆ ತಟ್ಟಿದರು. ಸಾಹೇಬರು ಒಂದು ಸುತ್ತು ಓಡಿಸಿಕೊಂಡು ಬಂದು ನಿಲ್ಲಿಸಿದರು.

“ರೀ, ಆರಿಸಿ ಮತ್ತೆ ಬಿಗೀಬೇಕು ಅಂತ ಅಕ್ಕ ಹೇಳಿದ್ರಲ್ವಾ?” ಹೆಂಡತಿ ಪುಸ್ತಕದೊಳಗೆ ಇಣುಕಿ ಕೇಳಿದಳು.

“ಮುಗಿದ ಕಡತ ಮತ್ತೆ ಬಿಚ್ಚೋದಾ? ಮೇಲಿನವರ ಅನುಮತಿ ಬೇಕು.” ಪುಸ್ತಕದ ಕೊನೆಯಲ್ಲಿ ದಪ್ಪವಾಗಿ ಬರೆದರು: ‘ಮುಕ್ತಾಯ’.

ಇನ್ನುಳಿದದ್ದು ಗಡಿಯಾರದ ಸುಳ್ಳು. ಅದನ್ನು ನಿಜ ಮಾಡುವುದು ಅವರಿಗೆ ಕಷ್ಟವಾಗಿ ಕಾಣಲಿಲ್ಲ. ಅಷ್ಟು ಜೋರಾಗಿ ಟಿಕ್ ಎನ್ನುವ ಗಡಿಯಾರ ಯಾರ ಮನೆಯಲ್ಲೂ ಇರಲಿಲ್ಲವಾದ್ದರಿಂದ, ಸಂಖ್ಯೆಯಿಂದ ಆ ಕೊರತೆ ತುಂಬಿಸಲು ಬೀದಿಯಿಂದ ಏಳು ಗಡಿಯಾರ ಎರವಲು ತಂದರು. ಮೂಲೆ ಅಂಗಡಿಯ ಟೈಲರನು ನಿಮಿಷದ ಮುಳ್ಳಿಲ್ಲದ ತನ್ನ ಗೋಡೆ ಗಡಿಯಾರವನ್ನೇ ಇಳಿಸಿ ಕೊಟ್ಟ.

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಸಾಹೇಬರು, ಯಜಮಾನನ ಗತ್ತಿನಲ್ಲಿ, ಕೀಲಿ ತಿರುಗಿಸಿದರು.

ಟಿಕ್ ಟಿಕ್ ಟಿಕ್ ಟಿಕ್.

ಮೇಷ್ಟ್ರು ಕಾಂಪೌಂಡಿನಾಚೆಯಿಂದ ತಲೆ ಎತ್ತಿದರು. “ಇವತ್ತು ಇನ್ನೂ ಖಚಿತವಾಗಿದೆ ಸಾಹೇಬ್ರೇ.”

ಸಾಹೇಬರು ಎದೆಗುಂದಲಿಲ್ಲ. ಸದ್ದು ಬರುವುದು ತಣ್ಣಗಿದ್ದಾಗ ತಾನೇ? ತಣ್ಣಗಾಗಲು ಬಿಟ್ಟರಲ್ಲವೇ? ಅವರು ಕಾರು ತೆಗೆದು ಬೀದಿ ಸುತ್ತತೊಡಗಿದರು. ಐದನೆಯ ಸುತ್ತಿಗೆ ಟೈಲರ್ ಅಂಗಡಿಯಿಂದ ಈಚೆ ಬಂದು “ಸಾರ್, ಮನೆ ಮರೆತ್ರಾ?” ಎಂದ. ಹನ್ನೊಂದನೆಯ ಸುತ್ತಿಗೆ ಮಕ್ಕಳು ಎಣಿಸತೊಡಗಿದರು. ಹತ್ತಕ್ಕೆ ಐದು ನಿಮಿಷವಿರುವಾಗ ಇಪ್ಪತ್ತಮೂರನೆಯ ಸುತ್ತು ಮುಗಿಸಿ ಗೇಟಿನೊಳಗೆ ನಿಲ್ಲಿಸಿದರು; ಬಸ್ಸಿನಿಂದ ಇಳಿದು ಮಾವನವರು, ಹಿಂದೆ ಅವರ ಮೂರನೆಯ ಕೊಡೆ ಹಿಡಿದು ಷಡ್ಡಕ, ಗೇಟಿನಲ್ಲಿ ಕಾಣಿಸಿಕೊಂಡರು.

“ಬನ್ನಿ ಮಾವ, ಬನ್ನಿ ಭಾವ. ಈಗಲೇ ಸ್ಟಾರ್ಟ್ ಮಾಡಿ ತೋರಿಸ್ತೀನಿ!”

ಮಾವನವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಸಾವಿರ ಬಾಯ್ಲರುಗಳ ಮೈ ಮುಟ್ಟಿದ ಕೈ ಅದು.

“ಬಿಸಿ ಇದೆ.”

“ಹೌದು ಮಾವ, ಸುಮ್ನೆ ಒಂದು ಸುತ್ತು...”

“ಆರಲಿ. ತಣ್ಣಗಿರೋ ಎಂಜಿನ್ ನಿಜ ಹೇಳುತ್ತೆ. ಮೂರು ಗಂಟೆ ಕಾಯೋಣ. ನನಗೇನೂ ಅವಸರ ಇಲ್ಲ.”

“ನನಗೂ ಇಲ್ಲ” ಎಂದ ಷಡ್ಡಕ. ಅವನು ಜೇಬಿನಿಂದ ಶೆಡ್ಡಿನ ಕೀಲಿ ತೆಗೆದು ಬೆರಳಿಗೆ ಸಿಕ್ಕಿಸಿ ಗಿರಗಿರ ತಿರುಗಿಸಿದ.

ಹಾಲಿನಲ್ಲಿ ಏಳು ಗಡಿಯಾರ ಏಳು ಹೊತ್ತು ತೋರಿಸುತ್ತಿದ್ದವು. ಮಾವನವರು ಒಂದೊಂದರ ಮುಂದೆಯೂ ನಿಂತು ತಪಾಸಣೆ ಮಾಡಿದರು.

“ಇದ್ರಲ್ಲಿ ನಾನು ಫೋನಲ್ಲಿ ಕೇಳಿದ್ದು ಯಾವ್ದು?”

“ಏಳೂ ಒಟ್ಟಿಗೆ ಮಾವ.”

“ಇದಕ್ಕೆ ನಿಮಿಷದ ಮುಳ್ಳೇ ಇಲ್ಲವಲ್ಲ?”

“ಅದು... ಗಂಟೆಗಳನ್ನ ಮಾತ್ರ ನೋಡೋರಿಗೆ.”

ಷಡ್ಡಕ ಮೂಗಿನಲ್ಲಿ ನಕ್ಕ. ಅಷ್ಟರಲ್ಲಿ ಬಾಗಿಲಲ್ಲಿ ಟೈಲರ್ ತಲೆ ಹಾಕಿದ. “ಸಾರ್, ತಪ್ಪು ತಿಳೀಬೇಡಿ. ನನ್ನ ಗಡಿಯಾರದಲ್ಲಿ ಎಷ್ಟಾಯ್ತು ನೋಡ್ಕೊಂಡು ಹೋಗ್ತೀನಿ. ಗಿರಾಕಿಗೆ ಹನ್ನೊಂದಕ್ಕೆ ಹೇಳಿದ್ದೆ.” ನೋಡಿಕೊಂಡು, ಎಲ್ಲರಿಗೂ ಕೈ ಮುಗಿದು, ಹೋದ. ಅವನು ಹೋದ ಮೇಲೆ ಆ ಹಾಲಿನಲ್ಲಿ ಏಳು ಗಡಿಯಾರದ ಟಿಕ್ ಟಿಕ್ ಸ್ಪಷ್ಟವಾಗಿ ಕೇಳಿಸಿತು.

ಊಟವಾಯಿತು. ಮಾವನವರು ಸೋಫಾದ ಮೇಲೆ ಕಣ್ಣು ಮುಚ್ಚಿದರು. ಷಡ್ಡಕ ಕಿಟಕಿಯ ಬಳಿ ಕೂತು, ಕಾವಿಗೆ ಕೂತ ಕೋಳಿಯ ಹಾಗೆ, ಕಾರನ್ನೇ ನೋಡುತ್ತಿದ್ದ. ಅದೇ ಹೊತ್ತಿಗೆ ಗೇಟಿನ ಹೊರಗಿಂದ ಅಕ್ಕನ ದನಿ.

“ಸಾರ್, ನನ್ನ ವ್ರೆಂಚ್ ಬೇಕಿತ್ತು. ಏನಾಯ್ತು, ಸದ್ದು ಹೋಯ್ತಾ?”

ಸಾಹೇಬರು ಓಡಿಹೋಗಿ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ಹೆಂಡತಿ ಹಿಂದೆಯೇ ಬಂದು ಬಾನೆಟ್ಟು ಎತ್ತಿದಳು. “ಹೋಗಿಲ್ಲ ಅಕ್ಕ. ನೀವೇ ನೋಡಿ.”

ಅಕ್ಕ ಬಗ್ಗಿ ನೋಡಿದಳು. ಹಳದಿ ಅಂಕಿಗಳನ್ನು ನೋಡಿದಳು. ಸಾಹೇಬರ ಪುಸ್ತಕ ಇಸಿದುಕೊಂಡು ಅದರಲ್ಲಿದ್ದ ಎಂಟು ಗುರುತುಗಳನ್ನೂ ನೋಡಿದಳು.

“ಸಾರ್, ಹಾಸಿಗೆ ಮೇಲೆ ಚಾದರ ಹಾಸ್ತೀರಲ್ಲ, ಒಂದು ತುದಿಯಿಂದ ಒತ್ಕೊಂಡು ಹೋದ್ರೆ ಸುಕ್ಕೆಲ್ಲ ಇನ್ನೊಂದು ತುದೀಲಿ ಗುಡ್ಡೆ ಆಗಲ್ವಾ? ನಡುವಿನಿಂದ ಸವರಬೇಕು. ಇದೂ ಅಷ್ಟೇ. ಈ ತುದಿ ಪೂರ್ತಿ ಕಚ್ಕೊಂಡುಬಿಟ್ಟಿದೆ, ಆ ತುದಿಗೆ ಜಾಗಾನೇ ಇಲ್ಲ. ಅದರ ಮೇಲೆ ಒಂದ್ಸಲ ಬಿಸಿ ಆಗಿ ಆರಿದೆ, ನಟ್ಟೆಲ್ಲ ಸಡಿಲ. ಗ್ಯಾಸ್ಕೆಟ್ಟು ಇನ್ನೂ ಕೆಟ್ಟಿಲ್ಲ, ನಿಮ್ಮ ಅದೃಷ್ಟ. ಬಿಚ್ಚಿ.”

“ಬಿಚ್ಚೋದಾ? ಅದಕ್ಕೆ ಮುಕ್ತಾಯ ಅಂತ...”

“ರೀ,” ಎಂದಳು ಹೆಂಡತಿ, “ಬುಧವಾರ ಅತ್ತೇನ ನೀವು ಹೊತ್ಕೊಂಡು ಹೋಗ್ತೀರಾ?”

ಸಾಹೇಬರು ಜಗಲಿಯ ಕಡೆ ನೋಡಿದರು. ಅಮ್ಮ ಅಲ್ಲಿ ಮಂಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು, ಏನೂ ಕೇಳಿಸದವರಂತೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಕೂತಿದ್ದರು. ಸಾಹೇಬರು ಜೇಬಿನಿಂದ ಕೆಂಪು ಪೆನ್ನು ತೆಗೆದರು. ಸೇವಾವಧಿಯಲ್ಲಿ ಮೊದಲ ಬಾರಿಗೆ ‘ಮುಕ್ತಾಯ’ ಎಂಬುದನ್ನು ಹೊಡೆದುಹಾಕಿ, ವ್ರೆಂಚ್ ಹಿಡಿದರು.

ಅಕ್ಕ ಎಂಟೂ ನಟ್ಟು ಸಡಿಲಿಸಿ, ಹೇಳತೊಡಗಿದಳು. “ನಾಲ್ಕು. ಸ್ವಲ್ಪ ಮಾತ್ರ. ಐದು. ಈಗ ಮೂರು.”

“ಐದಾದ ಮೇಲೆ ಮೂರಾ?” ಸಾಹೇಬರ ವ್ರೆಂಚ್ ಐದರ ಮೇಲೆಯೇ ನಿಂತಿತು.

“ಮೂರು. ಆಮೇಲೆ ಆರು. ಎರಡು. ಏಳು. ಒಂದು. ಎಂಟು. ಈಗ ಮತ್ತೆ ನಾಲ್ಕರಿಂದ.”

ಮೂರು ಸುತ್ತು. ಮೊದಲ ಸುತ್ತಿನಲ್ಲಿ ಸಾಹೇಬರ ಹಣೆಯಲ್ಲಿ ಬೆವರು. ಎರಡನೆಯದರಲ್ಲಿ ಕೈ ತಾನಾಗಿ ಮೂರರ ಕಡೆಗೆ ಹೋಯಿತು. ಕೊನೆಯ ಸುತ್ತಿನ ಎಂಟನೆಯ ಕ್ಲಿಕ್ ಕೇಳಿಸಿದಾಗ ಅವರ ಮುಖದಲ್ಲಿ ಹೊಸ ಧರ್ಮಕ್ಕೆ ಸೇರಿದವರ ಕಳೆ ಇತ್ತು.

ತಲೆ ಎತ್ತಿದರೆ ಎದುರಿಗೆ ಷಡ್ಡಕ. ಪಕ್ಕದಲ್ಲಿ ಮಾವನವರು, ಪೂರ್ತಿ ಎಚ್ಚರವಾಗಿ.

“ನೋಡಿದ್ರಾ ಮಾವ?” ಷಡ್ಡಕ ಗೆದ್ದ ದನಿಯಲ್ಲಿ ಹೇಳಿದ. “ಗಡಿಯಾರ ಅಂದ್ರು, ಎಂಜಿನ್ ಬಿಚ್ಚಿದಾರೆ. ಕಂಡಕಂಡ ಹಾಗೆ ನಟ್ಟು ಬಿಗಿದು ನಿಮ್ಮ ಗಾಡೀನ ಹಾಳು ಮಾಡಿದಾರೆ.”

“ಇವ್ರದ್ದಷ್ಟೇ ತಪ್ಪಲ್ಲ ಯಜಮಾನ್ರೇ,” ಎಂದಳು ಅಕ್ಕ. “ಮೊದಲನೇ ಗ್ಯಾಸ್ಕೆಟ್ಟು ಸೋರಿದ್ದೂ ಹೀಗೇ ಬಿಗಿದಿದ್ದಕ್ಕೆ. ಯಾವನೋ ಪುಣ್ಯಾತ್ಮ ಒಂದರಿಂದ ಎಂಟು ಅಂತ ಬಣ್ಣ ಬೇರೆ ಬಳಿದು ಹೋಗಿದಾನೆ. ಎಂಥ ದಡ್ಡ ಇರಬೇಕು!”

“ಯಾರದು?” ಷಡ್ಡಕ ಕುತೂಹಲದಿಂದ ಬಾನೆಟ್ಟಿನೊಳಗೆ ತಲೆ ಹಾಕಿದ. ಬಿಸಿಲಿಗೆಂದು ಹಿಡಿದಿದ್ದ ಕೊಡೆಯ ಹಿಡಿ ಎಂಜಿನ್ನಿನ ಪಕ್ಕಕ್ಕೆ ಬಂತು. ಕೊಡೆಯ ಮೇಲೆ ಹಳದಿ 3, ಎಂಜಿನ್ ಮೇಲೆ ಹಳದಿ 3. ಎರಡಕ್ಕೂ ತಲೆ ಚಪ್ಪಟೆ, ಎರಡಕ್ಕೂ ಬಾಲ ಉದ್ದ.

ಸಾಹೇಬರು ನೋಡಿದರು. ಮಾವನವರೂ ನೋಡಿದರು. ಮಾವನವರು ಸಾಹೇಬರನ್ನು ನೋಡಿದರು; ಮೂವತ್ತು ವರ್ಷ ಬಾಯ್ಲರುಗಳನ್ನು ಬೆದರಿಸಿದ ಕಣ್ಣುಗಳಲ್ಲಿ ಹೋಂವರ್ಕ್ ಮಾಡದ ಹುಡುಗನ ನೋಟ. ಷಡ್ಡಕ ಒಂದು ಅಂಗುಲ ಬಲಕ್ಕೆ ತಿರುಗಿದ್ದರೆ ಸಾಕಿತ್ತು, ಎರಡೂ ಮೂರುಗಳು ಅವನಿಗೂ ಕಾಣುತ್ತಿದ್ದವು.

ಷರಾ ಸಾಹೇಬರು ಕೊಡೆಯನ್ನು ಮೆಲ್ಲಗೆ ಷಡ್ಡಕನ ಕೈಯಿಂದ ತೆಗೆದು, ಹಿಡಿಯನ್ನು ತಮ್ಮ ಅಂಗೈಯಲ್ಲಿ ಮುಚ್ಚಿಕೊಂಡರು.

“ಕಂಪನಿಯವರು ಭಾವ,” ಎಂದರು. “ಅವರೇ ಹಾಕಿ ಕಳಿಸಿರೋದು.”

ಮಾವನವರು ಗಂಟಲು ಸರಿಪಡಿಸಿಕೊಂಡರು. “ಹೂಂ. ಕಂಪನಿಯವರಿಗೆ ಬುದ್ಧಿ ಇಲ್ಲ. ನಾನೂ ಬರೆದು ತಿಳಿಸಬೇಕು ಅಂತಿದ್ದೆ.” ನಂತರ ಬಾನೆಟ್ಟಿನ ಒಳಗೆ ಅಂಗೈ ಆಡಿಸಿ ನೋಡಿದರು. “ತಣ್ಣಗಿದೆ. ಸ್ಟಾರ್ಟ್ ಮಾಡಿ.”

ಸಾಹೇಬರು ಕೀಲಿ ತಿರುಗಿಸಿದರು. ಎಂಜಿನ್ ಎದ್ದಿತು. ಬೀದಿ ಉಸಿರು ಹಿಡಿಯಿತು. ಮೇಷ್ಟ್ರು ತೊಡೆಯ ಮೇಲೆ ಕೈ ಎತ್ತಿ ಹಿಡಿದು, ತಾಳ ಹಾಕಲು ಏನೂ ಸಿಗದೆ, ಹಾಗೇ ಕೆಳಗಿಳಿಸಿದರು. ಕೇಳಿಸುತ್ತಿದ್ದದ್ದು ಹಾಲಿನಿಂದ ಬರುತ್ತಿದ್ದ ಏಳು ಗಡಿಯಾರದ ಸದ್ದು ಮಾತ್ರ.

“ಇವತ್ತು ಓಡಿಸಿ, ಪೂರ್ತಿ ಆರಿದ ಮೇಲೆ ನಾಳೆ ಒಂದ್ಸಲ ಬಿಗೀರಿ. ವ್ರೆಂಚ್ ಆಮೇಲೆ ಕೊಡಿ” ಎಂದಳು ಅಕ್ಕ.

“ನಾಲ್ಕರಿಂದ” ಎಂದರು ಸಾಹೇಬರು, ಹುಟ್ಟಿದಾಗಿನಿಂದ ತಿಳಿದಿದ್ದವರ ಹಾಗೆ.

ಸಂಜೆ ಸಾಹೇಬರೇ ಅದೇ ಕಾರಿನಲ್ಲಿ ಇಬ್ಬರನ್ನೂ ಬಸ್ ನಿಲ್ದಾಣಕ್ಕೆ ಬಿಟ್ಟರು. ಷಡ್ಡಕ ಹಿಂದಿನ ಸೀಟಿನಲ್ಲಿ ಶೆಡ್ಡಿನ ಕೀಲಿಯನ್ನು ಜೇಬಿನೊಳಗೆ ಹಾಕಿಕೊಂಡು ಕೂತಿದ್ದ. ಅವನು ಮುಂದೆ ಹೋಗಿ ಬಸ್ಸಿನಲ್ಲಿ ಜಾಗ ಹಿಡಿಯುವಾಗ ಮಾವನವರು ಕಾರಿನ ಕಿಟಕಿಗೆ ಬಗ್ಗಿದರು.

“ಅಳಿಯಂದ್ರೇ.”

“ಹೇಳಿ ಮಾವ.”

“ನಮ್ಮನೇಲೂ ಒಂದು ಗಡಿಯಾರ ಇತ್ತು. ಬೆಳಿಗ್ಗೆ ಹೊತ್ತು ಹತ್ತೇ ನಿಮಿಷ ಓಡ್ತಿತ್ತು.”

“ಗೊತ್ತು ಮಾವ.”

“ನಿಮ್ಮತ್ತೆ ಕೇಳಿದ್ರೆ, ಮರಕುಟಿಗ ಅಂತಿದ್ದೆ.”

ಕೊಡೆ ತೆಗೆದುಕೊಂಡು, ಹಿಡಿಯ ಮೇಲಿನ ಅಂಕಿಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು, ಬಾಯ್ಲರ್ ಇನ್ಸ್‌ಪೆಕ್ಟರು ಬಸ್ಸು ಹತ್ತಿದರು.